ಚಿನ್ನಾಳಪಟ್ಟಿಯ ಸೀರೆಗಳು

ದಿಂಡಿಗಲ್ ಎಂದೊಡನೆ ಕನ್ನಡಿಗರಿಗೆ 1755ರಲ್ಲಿ ಅಲ್ಲಿ ಫೌಜುದಾರನಾದ ಹೈದರಾಲಿಯ ನೆನಪಾಗುವುದು ಸಹಜ. ಜವಳಿ ವ್ಯಾಪಾರದ ನಮಗೆ ನೆನಪಾಗುವುದು ಅಲ್ಲಿಂದ ಮಧುರೈ ದಾರಿಯಲ್ಲಿ ಸುಮಾರು 11 ಕಿ.ಮೀ. ದೂರದ ಚಿನ್ನಾಳಪಟ್ಟಿ ಎಂಬ ನೇಕಾರರ ಊರು.

ಏಲಕ್ಕಿಯ ಬೋಡಿನಾಯಕನೂರಿಗೆ ಹೋಗುವ ನಮ್ಮ ವರ್ತಕರು ಕಂಬಂ ಕಣಿವೆಯನ್ನೂ ನೋಡಿ ಬರಬೇಕು. ಅಲ್ಲಿ ಕಪ್ಪಿಲಿಯರ ಮನೆಮಾತು ಕನ್ನಡ. ಉತ್ತಮಪಾಳಯದ ಬಂಡೆಯಲ್ಲಿ ತೀರ್ಥಂಕರರ ಉಬ್ಬುಶಿಲ್ಪಗಳ ದರ್ಶನವಾಗುತ್ತದೆ. ಅಲ್ಲಿಂದ ತೇನಿ, ಬತ್ತಲಗುಂಡು ಮಾರ್ಗವಾಗಿ ದಿಂಡಿಗಲ್ ತಲುಪಬಹುದು.

ಚಿನ್ನಾಳಪಟ್ಟಿಯಲ್ಲಿ ದಿನಬಳಕೆಗೆ ಹತ್ತಿಯ ಸುಂಗುಡಿ ಸೀರೆ; ಹಬ್ಬಕ್ಕೆ ಜರಿಯಂಚಿನ ಕೃತಕ ರೇಷ್ಮೆ ಸೀರೆ. ಸುಂಗುಡಿಯ ಚುಕ್ಕಿಗಳನ್ನು ಮಧುರೈಯ ಸೌರಾಷ್ಟ್ರದವರು ಬಟ್ಟೆಗೆ ಗಂಟು ಕಟ್ಟಿ ಬಣ್ಣದಲ್ಲಿ ಅದ್ದಿ ಮೂಡಿಸುತ್ತಿದ್ದರು. ಈಗ ಮೇಣದ ಅಚ್ಚಿನಿಂದ ಮಾಡುವುದೇ ಹೆಚ್ಚು.

ನಮ್ಮ ಮನೆಗಳಲ್ಲಿ ಮದುವೆ ನಿಶ್ಚಯವಾದರೆ ಮೊದಲ ಚರ್ಚೆ ರೇಷ್ಮೆಯದು. ನೂಲಿಗಾಗಿ ಹುಳುವಿರುವಾಗಲೇ ಗೂಡನ್ನು ಬೇಯಿಸುತ್ತಾರೆ. ಹಿರಿಯರು ಬೇಡವೆನ್ನುತ್ತಾರೆ, ಮದುಮಗಳಿಗೆ ಮಿರುಗುವ ಸೀರೆ ಬೇಕು. ಇಬ್ಬರ ಮನಸ್ಸನ್ನೂ ಉಳಿಸುವ ಸೀರೆ ಇದು. ಕೃತಕ ರೇಷ್ಮೆಯಾದ ರೇಯಾನ್ ನೂಲನ್ನು ಮರದ ತಿರುಳಿನಿಂದ ತಯಾರಿಸುತ್ತಾರೆ.

ಆದರೆ ಕೊಳ್ಳುವಾಗ ಎಚ್ಚರ ಬೇಕು. ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ರೇಯಾನ್ ಅಥವಾ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಪ್ಪಟ ಜರಿಯೊಳಗೂ ರೇಷ್ಮೆ ಎಳೆ ಇರುವುದುಂಟು, ಕೇಳಿ ತಿಳಿಯಿರಿ.

ಸೀರೆ ಸರಳವೆನಿಸಿದರೆ ರವಿಕೆಗೆ ಕಸೂತಿ ಹಾಕಿಸಿ. ಕೊಕ್ಕೆಯಂಥ ಸೂಜಿಯಿಂದ ಮಾಡುವ ಆರಿ ಕೆಲಸ ಈಗ ಊರೂರಲ್ಲಿದೆ. ತೋಳಿಗೂ ಬೆನ್ನಿಗೂ ಬಳ್ಳಿ, ನವಿಲು ಹಾಕಿಸಿದರೆ ಸಾದಾ ಸೀರೆಗೂ ಮದುವೆಯ ಕಳೆ ಬರುತ್ತದೆ. ದಾರ ಯಾವುದೆಂದು ಮೊದಲೇ ಹೇಳಿಬಿಡಿ. ಸಿಲ್ಕ್ ದಾರವೆಂದು ಮಾರುವುದರಲ್ಲಿ ರೇಯಾನೂ ಇರುತ್ತದೆ, ರೇಷ್ಮೆಯೂ ಇರುತ್ತದೆ.

ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಕೃತಕ ರೇಷ್ಮೆಯನ್ನು ರೇಷ್ಮೆಯೆಂದು ಮಾರುವುದು ಅಸತ್ಯ. ರೇಷ್ಮೆಯನ್ನು ಕೃತಕವೆಂದು ಕೊಡುವುದು ಕೊಂಡವರ ವ್ರತಕ್ಕೇ ಭಂಗ. ಬಿಲ್ಲಿನಲ್ಲಿ ನೂಲಿನ ಹೆಸರನ್ನು ಸ್ಪಷ್ಟವಾಗಿ ಬರೆಯೋಣ. ನಂಬಿ ಬಂದ ಗಿರಾಕಿ ಮಗಳ ಮದುವೆಗೂ ಮೊಮ್ಮಗಳ ಮದುವೆಗೂ ನಮ್ಮ ಅಂಗಡಿಗೇ ಬರುತ್ತಾರೆ.