ಮುತ್ತತ್ತಿಯಲ್ಲಿ ಒಂದು ಚೆಂಡು

ಮಳವಳ್ಳಿಯಿಂದ ಕನಕಪುರದ ಕಡೆಗೆ ಹೋಗುವಾಗ ಹಲಗೂರು ಸಿಗುತ್ತದೆ. ಅಲ್ಲಿ ಮುಖ್ಯರಸ್ತೆ ಬಿಟ್ಟು ಕಾಡಿನ ದಾರಿ ಹಿಡಿದರೆ ಸುಮಾರು 20 ಕಿಲೋಮೀಟರಿಗೆ ಮುತ್ತತ್ತಿ. ಕಳೆದ ಡಿಸೆಂಬರಿನಲ್ಲಿ ಅಮೆರಿಕದಿಂದ ಮಗ, ಸೊಸೆ, ಮೊಮ್ಮಗ ಬಂದಿದ್ದರು. ಮನೆದೇವರಿಗೆ ಹೋಗಿಬಂದ ಮಾರನೇ ದಿನ ಬುತ್ತಿ ಕಟ್ಟಿಕೊಂಡು ಮುತ್ತತ್ತಿಗೆ ಹೊರಟೆವು. ಪುಳಿಯೋಗರೆ, ಮೊಸರನ್ನ, ಕೋಡುಬಳೆ. ಇವುಗಳ ಜೊತೆಗೆ ಹನ್ನೆರಡು ವರ್ಷದ ಮೊಮ್ಮಗನ ಚೀಲದಲ್ಲಿ ಒಂದು ಬಿಳಿ ಚೆಂಡು, ಚರ್ಮದ ಕೈಗವಸು.

ಕಾವೇರಿ ವನ್ಯಧಾಮದ ಕಾಡು ದಾಟಿ ಇಳಿಯುತ್ತಿದ್ದಂತೆ ಹೊಳೆ ಕಾಣಿಸಿತು. ದಡದಲ್ಲಿ ದೊಡ್ಡ ದೊಡ್ಡ ಹೊಳೆಮತ್ತಿ ಮರಗಳು. ಪಕ್ಕದಲ್ಲೇ ಮುತ್ತೆತ್ತರಾಯನ ಗುಡಿ. ಸೀತಮ್ಮ ಇಲ್ಲಿ ಸ್ನಾನ ಮಾಡುವಾಗ ಅವಳ ಮುತ್ತಿನ ಮೂಗುತಿ ನೀರಿಗೆ ಬಿತ್ತಂತೆ. ಉಂಗುರ ಎನ್ನುವವರೂ ಇದ್ದಾರೆ. ಹನುಮಂತ ಬಾಲದಿಂದ ಹೊಳೆಯನ್ನು ಕಲಕಿ ಮುತ್ತನ್ನು ಮೇಲೆತ್ತಿದ. ಮುತ್ತೆತ್ತಿದವನೇ ಮುತ್ತೆತ್ತರಾಯ. ನಮ್ಮ ಡಾ. ರಾಜ್‌ಕುಮಾರ್ ಅವರ ಹುಟ್ಟುಹೆಸರು ಮುತ್ತುರಾಜ. ಅದೂ ಈ ದೇವರ ಹೆಸರೇ.

ಮಕ್ಕಳೇ, ಒಂದು ಮಾತು. ಇಲ್ಲಿ ಹೊಳೆ ಮೇಲೆ ಸಾಧುವಾಗಿ ಕಂಡರೂ ಒಳಗೆ ಸುಳಿಗಳಿವೆ. ಎಷ್ಟೋ ಜನ ಪ್ರಾಣ ಕಳೆದುಕೊಂಡಿದ್ದಾರೆ. ನಾವು ದಡದಲ್ಲೇ ಕಾಲು ತೊಳೆದುಕೊಂಡೆವು.

ಊಟವಾದ ಮೇಲೆ ಮೊಮ್ಮಗ ಚೆಂಡು ಹಿಡಿದು ಸುಮ್ಮನೆ ಕೂತಿದ್ದ. "ಆಡೋದಿಲ್ವಾ?" ಅಂದೆ. ಸೊಸೆ ಮೆಲ್ಲಗೆ ಹೇಳಿದಳು, "ಅವನನ್ನ ಟೀಮಿಗೆ ತಗೊಳ್ಳಲಿಲ್ಲ ಮಾವ. ಅವನು ಪಿಚರ್." ನಾನು ಪಿಚ್ಚರ್ ಅಂದರೆ ಸಿನಿಮಾ ಅಂದುಕೊಂಡೆ! ಮೊಮ್ಮಗನಿಗೆ ನಗು ಬಂತು. ಬೇಸ್‌ಬಾಲಿನಲ್ಲಿ ಚೆಂಡು ಎಸೆಯುವವನೇ ಪಿಚರ್ ಎಂದು ವಿವರಿಸಿದ. ನಮ್ಮ ಕ್ರಿಕೆಟ್ ಪಿಚ್ 22 ಗಜ, ಅಂದರೆ 66 ಅಡಿ. ಅವರದು 60 ಅಡಿ 6 ಅಂಗುಲ. ಚೆಂಡಿನ ಮೇಲೆ ಕೆಂಪು ದಾರದ 108 ಹೊಲಿಗೆ. "ನಮ್ಮ ಜಪಮಣಿ ಲೆಕ್ಕ" ಅಂದೆ. ಬ್ಯಾಂಕಿನಲ್ಲಿ 35 ವರ್ಷ ಗುಮಾಸ್ತನಾಗಿದ್ದವನಿಗೆ ಅಂಕಿ ಕಂಡರೆ ಸುಮ್ಮನಿರಲಾಗುವುದಿಲ್ಲ.

ಅಷ್ಟರಲ್ಲಿ ಒಂದು ಕೋತಿ ಬಂದು ಚೆಂಡನ್ನು ಕಸಿದುಕೊಂಡು ಮರ ಹತ್ತಿತು. ಹಣ್ಣೆಂದು ಕಚ್ಚಿತು, ಮುಖ ಕಿವುಚಿ ಕೆಳಗೆ ಬಿಸಾಡಿತು. "ಹನುಮಂತನೇ ಮೇಲಕ್ಕೆ ಎತ್ತಿ ಕೊಟ್ಟಿದ್ದಾನೆ, ಇನ್ನೇನು ಬೇಕು?" ಅಂದೆ. ಹುಡುಗ ಹತ್ತಿರ ಬಂದು ಕೂತ. "ತಾತ, ಇಂಡಿಯಾದಿಂದ ಯಾರಾದ್ರೂ ಪಿಚರ್ ಆಗಿದ್ದಾರಾ?"

ಇದಕ್ಕೆ ಅವನ ಅಪ್ಪನೇ ಉತ್ತರ ಹೇಳಿದ. 2008ರಲ್ಲಿ ನಮ್ಮ ದೇಶದಲ್ಲಿ 'ಮಿಲಿಯನ್ ಡಾಲರ್ ಆರ್ಮ್' ಎಂಬ ಸ್ಪರ್ಧೆ ನಡೆಯಿತು. ಸಾವಿರಾರು ಹುಡುಗರು ಚೆಂಡು ಎಸೆದರು. ಗೆದ್ದವನು ಉತ್ತರಪ್ರದೇಶದ ರಿಂಕು ಸಿಂಗ್, ಲಾರಿ ಚಾಲಕರ ಮಗ. ಎರಡನೆಯವನು ದಿನೇಶ್ ಪಟೇಲ್. ಇಬ್ಬರೂ ಭರ್ಜಿ ಎಸೆತದವರು. ಬೇಸ್‌ಬಾಲ್ ಅವರಿಗೆ ಹೊಸದು. ಅಮೆರಿಕಕ್ಕೆ ಹೋಗಿ ಕೆಲವೇ ತಿಂಗಳು ಕಲಿತರು. ಅದೇ ವರ್ಷ ನವೆಂಬರಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಇಬ್ಬರಿಗೂ ಕರಾರು ಕೊಟ್ಟಿತು. 2009ರ ಜುಲೈ 4ರಂದು ಇಬ್ಬರೂ ಅಲ್ಲಿ ವೃತ್ತಿಪರ ಪಂದ್ಯ ಆಡಿದರು. ಹಾಗೆ ಆಡಿದ ಮೊದಲ ಭಾರತೀಯರು ಅವರೇ.

"ಆಮೇಲೆ ಮೇಜರ್ ಲೀಗ್?"

"ಇಲ್ಲ. ದಿನೇಶನನ್ನ 2010ರಲ್ಲೇ ಬಿಟ್ಟರು. ರಿಂಕು ಕೆಳಗಿನ ಲೀಗುಗಳಲ್ಲಿ ಆಡಿದ, ಪೆಟ್ಟು ಮಾಡಿಕೊಂಡ. ಆಮೇಲೆ ಕುಸ್ತಿಗೆ ಹೋದ."

ಹುಡುಗನ ಮುಖ ಸಪ್ಪಗಾಯಿತು. ಅಲ್ಲಿ ಕರಾರು ಸಿಕ್ಕರೂ ನೇರವಾಗಿ ದೊಡ್ಡ ತಂಡಕ್ಕೆ ಹೋಗುವುದು ಅಪರೂಪವಂತೆ. ಕೆಳಗಿನ ತಂಡಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಬ್ಯಾಂಕಿನ ಪ್ರೊಬೇಷನ್ ಹಾಗೆ ಎಂದುಕೊಂಡೆ. ಆಮೇಲೆ ನಾನು ನಮ್ಮ ಮೈಸೂರಿನ ಕಥೆ ಹೇಳಿದೆ.

ಜಾವಗಲ್ ಶ್ರೀನಾಥ್ ಹುಟ್ಟಿದ್ದು 1969ರಲ್ಲಿ, ಮೈಸೂರಿನಲ್ಲಿ. ಓದಿದ್ದು ಮರಿಮಲ್ಲಪ್ಪ ಶಾಲೆಯಲ್ಲಿ, ಆಮೇಲೆ ಇಂಜಿನಿಯರಿಂಗ್. ಒಂದು ಕ್ಲಬ್ ಪಂದ್ಯದಲ್ಲಿ ಅವರ ವೇಗ ಗುಂಡಪ್ಪ ವಿಶ್ವನಾಥ್ ಅವರ ಕಣ್ಣಿಗೆ ಬಿತ್ತು. ರಾಜ್ಯ ತಂಡದ ಬಾಗಿಲು ತೆರೆಯಿತು. 1989-90ರಲ್ಲಿ ಹೈದರಾಬಾದ್ ವಿರುದ್ಧ ಮೊದಲ ರಣಜಿ ಪಂದ್ಯ, ಅದರಲ್ಲೇ ಹ್ಯಾಟ್ರಿಕ್. 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್.

"ಆಮೇಲೆ ಫೇಮಸ್!" ಅಂದ ಹುಡುಗ.

"ತಡಿ. ಇಲ್ಲಿ ನಮ್ಮ ನೆಲದಲ್ಲಿ ಏಳು ಟೆಸ್ಟ್ ನಡೆದವು. ಏಳಕ್ಕೆ ಏಳೂ ಶ್ರೀನಾಥ್ ಹೊರಗೇ ಕೂತಿದ್ದರು."

ಕಪಿಲ್ ದೇವ್ ಇನ್ನೂ ಆಡುತ್ತಿದ್ದರು, ನಮ್ಮ ಪಿಚ್‌ಗಳಲ್ಲಿ ಸ್ಪಿನ್ನರುಗಳದೇ ರಾಜ್ಯ. ಕಪಿಲ್ ನಿವೃತ್ತರಾದ ಮೇಲೆ, 1994ರ ನವೆಂಬರಿನಲ್ಲಿ, ಮುಂಬೈಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಶ್ರೀನಾಥರಿಗೆ ತವರಿನ ಮೊದಲ ಟೆಸ್ಟ್ ಸಿಕ್ಕಿತು. ಐದು ವಿಕೆಟ್, ಎರಡನೇ ಸರದಿಯಲ್ಲಿ 60 ರನ್, ಪಂದ್ಯಶ್ರೇಷ್ಠ. ಮುಂದೆ ಟೆಸ್ಟಿನಲ್ಲಿ 236, ಏಕದಿನದಲ್ಲಿ 315 ವಿಕೆಟ್. ಆಡದೆ ಕೂತ ಆ ದಿನಗಳು ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ.

ಇಷ್ಟು ಹೇಳಿ ನನ್ನ ಬಾಯಿ ಕಟ್ಟಿತು. ಆ ಮುಂಬೈ ಪಂದ್ಯವನ್ನು ನಾನೂ ಮಗನೂ ಮಂಡ್ಯದ ಬಾಡಿಗೆ ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದ್ದೆವು. ಆಗ ಅವನಿಗೆ ಹದಿನಾರು. ತಾನೂ ವೇಗವಾಗಿ ಬೌಲ್ ಮಾಡುತ್ತಿದ್ದ. ಬೆಂಗಳೂರಿಗೆ ಕಳಿಸಿ, ಹುಡುಗನ ಕೈಯಲ್ಲಿ ಕಸುವಿದೆ ಎಂದು ಅವನಿಗೆ ಹೇಳಿಕೊಡುತ್ತಿದ್ದವರು ಮನೆಗೇ ಬಂದು ಹೇಳಿದ್ದರು. "ಚೆಂಡು ಅನ್ನ ಹಾಕುತ್ತಾ ಸಾರ್?" ಎಂದು ಕಾಫಿ ಕೊಟ್ಟು ಕಳಿಸಿದ್ದೆ. ಮಗ ಮಾತಾಡಲಿಲ್ಲ. ಪಿಯುಸಿ ಓದಿದ, ಇಂಜಿನಿಯರ್ ಆದ, ಅಮೆರಿಕ ಸೇರಿದ. ನಾನು ಮಾಡಿದ್ದು ಸರಿ ಎಂದೇ ಮೂವತ್ತು ವರ್ಷ ನಂಬಿದ್ದೆ.

ಹೊಳೆ ದಡದಲ್ಲಿ ಅವನಿಗೆ ಅಂದೆ, "ಅವತ್ತು ನಿನ್ನನ್ನ ಕಳಿಸಬೇಕಾಗಿತ್ತೇನೋ ಕಣಪ್ಪ."

ಅವನು ಹೊಳೆ ಕಡೆ ನೋಡುತ್ತಾ ಹೇಳಿದ, "ಕಳಿಸದೇ ಇದ್ದದ್ದಕ್ಕೆ ಬೇಜಾರಿಲ್ಲಪ್ಪ. ಎಷ್ಟು ಜನ ಶ್ರೀನಾಥ್ ಆಗ್ತಾರೆ? ಒಂದೇ ಒಂದು ಸಲ ನೀವು ಮೈದಾನಕ್ಕೆ ಬಂದು ನಾನು ಹಾಕೋದನ್ನ ನೋಡಿದ್ರೆ ಸಾಕಿತ್ತು."

ನನ್ನ ಹತ್ತಿರ ಉತ್ತರವಿರಲಿಲ್ಲ. ಆಗ ಶನಿವಾರ ಬ್ಯಾಂಕ್ ಅರ್ಧ ದಿನ ಇರುತ್ತಿತ್ತು. ಮೈದಾನ ನಮ್ಮ ಶಾಖೆಯಿಂದ ಎರಡು ಫರ್ಲಾಂಗು. ಹೋಗಬಹುದಿತ್ತು.

ಮೊಮ್ಮಗ ಎದ್ದ. ಜನರಿಲ್ಲದ ಕಡೆ, ನೀರಿಗೆ ದೂರದ ಮರಳಿನಲ್ಲಿ, ಅವನ ಅಪ್ಪ ಕೈಗವಸು ತೊಟ್ಟು ಕುಕ್ಕರಗಾಲಲ್ಲಿ ಕೂತ. ಮೊದಲು ಒಡೆದ ಬಾಟಲಿ ಚೂರುಗಳನ್ನೆಲ್ಲ ಆರಿಸಿ ಹಾಕಿದೆವು. ಆ ಹಾಳು ಅಭ್ಯಾಸ ನಮ್ಮ ಜನಕ್ಕೆ ಯಾವಾಗ ಬಿಡುತ್ತದೋ. ಹುಡುಗ ಒಂದು ಕಾಲೆತ್ತಿ, ಮೈ ತಿರುಗಿಸಿ ಎಸೆದ. ಚೆಂಡು ಕೈಗವಸಿಗೆ 'ಪಟ್' ಎಂದು ಬಡಿಯಿತು. ನಾನು ಹೊಳೆಮತ್ತಿಯ ಬೇರಿನ ಮೇಲೆ ಕೂತು ಒಂದು ಗಂಟೆ ನೋಡಿದೆ. ಎಣಿಸಿದ್ದೂ ಹೌದು: 64 ಎಸೆತ. ಅವನು ಟೀಮಿಗೆ ಸೇರುತ್ತಾನೋ ಇಲ್ಲವೋ ಗೊತ್ತಿಲ್ಲ. ಪ್ರತಿ ಎಸೆತವಾದ ಮೇಲೂ ಅವನು ನನ್ನ ಕಡೆ ತಿರುಗಿ ನೋಡುತ್ತಿದ್ದ.

ಅಜ್ಜ ಅಜ್ಜಿಯರೇ, ನಿಮ್ಮ ಮನೆಯ ಮಗು ಚೆಂಡನ್ನೋ ಕುಂಚವನ್ನೋ ಕೊಳಲನ್ನೋ ಹಿಡಿದಿದ್ದರೆ ಈ ವಾರ ಒಂದು ಸಂಜೆ ಹೋಗಿ ಕೂತು ನೋಡಿ. ಮಕ್ಕಳೇ, ನಿಮ್ಮ ತಾತನನ್ನು ನೀವೇ ಕರೆಯಿರಿ. ನಮಗೆ ಕರೆಯದೆ ಬರಲು ಸಂಕೋಚ. ಮುತ್ತತ್ತಿಗೆ ಹೋದರೆ ಕೋತಿಗಳ ಮೇಲೆ ಒಂದು ಕಣ್ಣಿರಲಿ.