ಮೊಣಕಾಲುದ್ದದ ನೀರಿಗೊಂದು ದೋಣಿ

ಕಾಸರಗೋಡಿನ ಹೊಳೆಬದಿಯ ಮಕ್ಕಳಿಗೆ ದೋಣಿಯ ಪರಿಚಯವನ್ನು ಪಾಠಪುಸ್ತಕವು ಮಾಡಿಕೊಡಬೇಕಾದುದಿಲ್ಲ. ತುಳುವಿನಲ್ಲಿ ಅದು ಓಡ, ಮಲೆಯಾಳದಲ್ಲಿ ತೋಣಿ, ನಮ್ಮ ಪಾಠದಲ್ಲಿ ದೋಣಿ. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಈ ಮೂರು ಹೆಸರುಗಳೂ ಜಗಳವಿಲ್ಲದೆ ಕುಳಿತಿರುತ್ತವೆ. ಈಚಿನ ವರ್ಷಗಳಲ್ಲಿ ನಾಲ್ಕನೆಯ ಹೆಸರೊಂದು ಬಂದು ಸೇರಿದೆ: ಕಯಾಕ್. ಹಿನ್ನೀರಿನ ವಿಹಾರಕ್ಕೆಂದು ಬಂದ ಈ ಬಣ್ಣಬಣ್ಣದ ಪ್ಲಾಸ್ಟಿಕ್ ದೋಣಿ ಈಗ ಗಾಳ ಹಾಕುವವರ ಕೈಗೂ ಬರತೊಡಗಿದೆ. ಅಂತಹದೊಂದನ್ನು ಆರಿಸುವ ಕೆಲಸ ನಾವು ನಾಲ್ವರು ಅಧ್ಯಾಪಕರ ಪಾಲಿಗೆ ಬಂದಿತು. ಕೊಳ್ಳುವುದು ಒಂದು ದಿನದ ಕೆಲಸ, ಆರಿಸುವುದು ಎರಡು ತಿಂಗಳ ಕೆಲಸವಾಯಿತು. ಆ ಎರಡು ತಿಂಗಳಲ್ಲಿ ತಿಳಿದುಬಂದುದನ್ನು ಅಧ್ಯಾಪಕ ಬಂಧುಗಳ ಮುಂದೆ ಇಡುವುದು ಈ ಬರಹದ ಉದ್ದೇಶ.

ದೋಣಿ ನಮಗಲ್ಲ, ನಮಗೆ ಅಕ್ಷರ ತಿದ್ದಿಸಿದ ಮಾಸ್ತರರಿಗೆ. ಅವರಿಗೆ ಈಗ ಎಪ್ಪತ್ತೊಂದು ವರ್ಷ. ನಿವೃತ್ತಿಯ ಬಳಿಕ ಅವರ ಬೆಳಗಿನ ಹೊತ್ತು ಹೊಳೆಯಲ್ಲೇ ಕಳೆಯುತ್ತಿತ್ತು. ಗಾಳಕ್ಕೆ ಸಿಕ್ಕ ಕಾಣೆ, ಕರಿಮೀನುಗಳಿಗಿಂತ ಸಿಗದೆ ಹೋದ ಮೀನುಗಳ ಕಥೆಯೇ ಅವರಲ್ಲಿ ಹೆಚ್ಚು. ಹೋದ ವರ್ಷ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಅದೇ ಮಳೆಗಾಲದಲ್ಲಿ ಅವರ ಹಳೆಯ ಮರದ ದೋಣಿಯೂ ತಳ ಕೊಳೆತು ದಡ ಸೇರಿತು. ಇನ್ನು ಹೊಳೆಯ ಸಹವಾಸ ಸಾಕೆಂದು ಅವರ ಮನೆಯವರು, ನಾವು ಅಮ್ಮನೆಂದೇ ಕರೆಯುವವರು, ಹೇಳಿದರು. ಮಾಸ್ತರರು ಉತ್ತರ ಕೊಡಲಿಲ್ಲ. ಮಾತನ್ನೇ ಕಡಮೆ ಮಾಡಿದರು. ಮಕ್ಕಳು ದೂರದೇಶದಲ್ಲಿದ್ದಾರೆ. ಹೀಗಿರಲು ಅವರ ಶಿಷ್ಯರಾದ ನಾವು ಇಬ್ಬರ ನಡುವೆ ನಿಲ್ಲಬೇಕಾಯಿತು. ಒಬ್ಬರಿಗೆ ಹೊಳೆ ಬೇಕು, ಇನ್ನೊಬ್ಬರಿಗೆ ಅವರು ಬೇಕು. ಎರಡೂ ನ್ಯಾಯವಾದುವೇ.

ಕಯಾಕ್ ಹುಟ್ಟಿದ್ದು ನಮ್ಮ ಹೊಳೆಗಳಿಂದ ಬಹು ದೂರದ ಉತ್ತರ ಧ್ರುವದ ಸೀಮೆಯಲ್ಲಿ. ಗ್ರೀನ್‌ಲೆಂಡ್, ಅಲಾಸ್ಕ ಮೊದಲಾದ ಕಡೆಗಳ ಇನ್ಯುಯಿಟ್ ಮತ್ತು ಅಲ್ಯೂಟ್ ಜನರು ತೇಲಿಬಂದ ಮರದಿಂದಲೋ ತಿಮಿಂಗಿಲದ ಎಲುಬಿನಿಂದಲೋ ಹಂದರ ಕಟ್ಟಿ, ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು, ಬೇಟೆಗಾಗಿ ಈ ದೋಣಿಯನ್ನು ಮಾಡುತ್ತಿದ್ದರು. ಅವರ ಅಳತೆಯ ಕ್ರಮ ನಮ್ಮ ಮನಸ್ಸನ್ನು ಬಹುವಾಗಿ ಸೆಳೆಯಿತು. ಉದ್ದವು ಬೇಟೆಗಾರನ ಮೂರು ಮಾರು. ಕುಳಿತುಕೊಳ್ಳುವೆಡೆಯ ಅಗಲವು ಅವನ ಸೊಂಟದ ಅಗಲಕ್ಕೆ ಎರಡು ಮುಷ್ಟಿ ಹೆಚ್ಚು. ಅಂದರೆ ದೋಣಿಯು ಮನುಷ್ಯನ ಮೈಗೆ ಹೊಲಿದ ಅಂಗಿಯಂತೆ. ಆ ದೋಣಿ ಬಹಳ ಇಕ್ಕಟ್ಟಾದುದು, ಅಭ್ಯಾಸವಿಲ್ಲದವನನ್ನು ಕ್ಷಣದಲ್ಲಿ ಮಗುಚಿಬಿಡುವಂಥದು. ಮಗುಚಿದರೂ ಹುಟ್ಟಿನ ಒಂದು ಬೀಸಿನಿಂದ ಮೇಲೇಳುವ ವಿದ್ಯೆ ಬೇಟೆಗಾರನಿಗೆ ಕರಗತವಾಗಿತ್ತು. ಆದುದರಿಂದ ನಾವು ಅದರ ಆಕಾರವನ್ನು ಅನುಕರಿಸತಕ್ಕದ್ದಲ್ಲ, ಅದರ ಕ್ರಮವನ್ನು ಅನುಸರಿಸತಕ್ಕದ್ದು. ಮೊದಲು ನೀರನ್ನು ನೋಡಬೇಕು, ಬಳಿಕ ಮನುಷ್ಯನನ್ನು ಅಳೆಯಬೇಕು, ಅಂಗಡಿಗೆ ಹೋಗುವುದು ಆಮೇಲೆ.

ಮಾಸ್ತರರ ನೀರು ಯಾವುದು? ಶಿರಿಯಾ ಹೊಳೆಯ ಅಳಿವೆಗಿಂತ ಒಳಗಿನ ಭಾಗ. ಇಳಿತದ ಹೊತ್ತಿಗೆ ಅಲ್ಲಲ್ಲಿ ಮೊಣಕಾಲುದ್ದ, ಕೆಲವೆಡೆ ಅಷ್ಟೂ ಇಲ್ಲ. ಒಂದು ಬದಿಯಲ್ಲಿ ಕಾಂಡ್ಲಾ ಗಿಡಗಳು, ಕೆಸರು. ಇನ್ನೊಂದು ಬದಿಯಲ್ಲಿ ಮರಳು, ಮರುವಾಯಿ ಚಿಪ್ಪು. ಇಂತಲ್ಲಿ ತಳ ಚಪ್ಪಟೆಯಾಗಿರುವ, ನೀರಿನಲ್ಲಿ ಹೆಚ್ಚು ಮುಳುಗದ ದೋಣಿಯೇ ಯೋಗ್ಯ. ಅಂಗಡಿಯಾತನು ಕಾಲಿನಿಂದ ತುಳಿದು ನಡೆಸುವ ಕಯಾಕನ್ನು ಬಹಳವಾಗಿ ಹೊಗಳಿದನು. ಕೈಗಳೆರಡೂ ಗಾಳಕ್ಕೆ ಬಿಡುವಾಗುತ್ತವೆಂಬುದು ನಿಜ. ಆದರೆ ಅದರ ಈಜುರೆಕ್ಕೆಗಳು ತಳದಿಂದ ಅಡಿಗಟ್ಟಲೆ ಕೆಳಗಿಳಿಯುತ್ತವೆ. ನಮ್ಮ ನೀರಿನಲ್ಲಿ ಅವು ಮರಳನ್ನು ಉಳುವುದಕ್ಕೆ ಮಾತ್ರ ಉಪಯೋಗ. ಮಂಡಿ ನೋವಿನವರಿಗೆ ತುಳಿಯುವ ಕೆಲಸವೂ ಹಿತವಲ್ಲ. ಎರಡು ತುದಿಗಳಲ್ಲೂ ಅಲಗುಳ್ಳ ಹುಟ್ಟೇ ಸಾಕೆಂದೂ, ಚುಕ್ಕಾಣಿ ಇದ್ದರೆ ಮೇಲಕ್ಕೆತ್ತಿ ಇಡುವಂತಿರಬೇಕೆಂದೂ ನಿಶ್ಚಯಿಸಿದೆವು. ಮೈಯನ್ನು ಒಳಗೆ ತೂರಿಸಿ ಕೂರುವ ಕಯಾಕನ್ನೂ ಬಿಟ್ಟೆವು. ಅದು ಮಗುಚಿದರೆ ಹೊಟ್ಟೆ ತುಂಬ ನೀರು ಕುಡಿಯುತ್ತದೆ. ಮೇಲೆ ಕೂರುವ ಕಯಾಕಿನ ಒಡಲು ಮುಚ್ಚಿರುತ್ತದೆ. ಮೇಲೆ ಬಿದ್ದ ನೀರು ತೂತುಗಳಿಂದ ತಾನೇ ಹರಿದುಹೋಗುತ್ತದೆ.

ಇನ್ನು ಮನುಷ್ಯನ ಅಳತೆ. ಮಾಸ್ತರರ ತೂಕ 72 ಕಿಲೋ, ಗಾಳ, ಬುಟ್ಟಿ, ನೀರಿನ ಬಾಟಲಿ ಇತ್ಯಾದಿ 15 ಕಿಲೋ, ಒಟ್ಟು 87. ತಯಾರಕರು ಹೇಳುವ ಹೊರೆಯ ಮಿತಿ ಎಂದರೆ ಅಷ್ಟು ಹೊತ್ತಾಗ ದೋಣಿ ಸುಖವಾಗಿರುತ್ತದೆಂದಲ್ಲ. ಮಿತಿಯ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೇರದಿರುವುದು ಅನುಭವಿಗಳ ರೂಢಿ. ಆ ಲೆಕ್ಕದಂತೆ 130 ಕಿಲೋಗಿಂತ ಹೆಚ್ಚಿನ ಮಿತಿಯುಳ್ಳ ದೋಣಿ ಬೇಕು. ದೋಣಿಯ ತೂಕ 32 ಕಿಲೋ ಎಂದು ಹಿಡಿದರೆ ಎಲ್ಲ ಸೇರಿ 119 ಕಿಲೋ. ಆರ್ಕಿಮಿಡೀಸನ ನಿಯಮದಂತೆ ಅದು ಸರಿಸುಮಾರು 119 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿ ತೇಲುತ್ತದೆ. ಹತ್ತಡಿಗಿಂತ ತುಸು ಉದ್ದವಾದ, ಅಗಲ ತಳದ ದೋಣಿಗೆ ಮೂರು ನಾಲ್ಕು ಅಂಗುಲ ಮುಳುಗಿದರೆ ಇಷ್ಟು ಜಾಗ ಸಿಗುತ್ತದೆ. ಏಳನೆಯ ತರಗತಿಯ ಲೆಕ್ಕ ಇಷ್ಟು ಪ್ರಯೋಜನಕ್ಕೆ ಬಂದುದನ್ನು ನೋಡಿ ನಮಗೇ ಹೆಮ್ಮೆಯಾಯಿತು.

ದೋಣಿ ಅಲುಗಾಡದೆ ನಿಲ್ಲುವುದು ಹೇಗೆ? ತೂಕವೆಲ್ಲ ಒಂದು ಬಿಂದುವಿನಲ್ಲಿ ಕೆಳಕ್ಕೆ ಒತ್ತುತ್ತದೆ, ಅದು ಗುರುತ್ವಕೇಂದ್ರ. ನೀರು ಇನ್ನೊಂದು ಬಿಂದುವಿನಲ್ಲಿ ಮೇಲಕ್ಕೆ ಎತ್ತುತ್ತದೆ. ದೋಣಿ ಬಲಕ್ಕೆ ವಾಲಿದಾಗ ಬಲಗಡೆಯ ಭಾಗ ಹೆಚ್ಚು ಮುಳುಗಿ, ನೀರು ಎತ್ತುವ ಬಿಂದುವೂ ಬಲಕ್ಕೆ ಸರಿದು, ದೋಣಿಯನ್ನು ಮತ್ತೆ ನೆಟ್ಟಗೆ ಮಾಡುತ್ತದೆ. ಗುರುತ್ವಕೇಂದ್ರವು ಎಷ್ಟು ಎತ್ತರದವರೆಗೆ ಇರಬಹುದು, ಎಲ್ಲಿ ದಾಟಿದರೆ ದೋಣಿ ಮಗುಚುವುದು ಎಂಬ ಮೇರೆಯನ್ನು ಫ್ರಾನ್ಸಿನ ವಿದ್ವಾಂಸ ಪಿಯರ್ ಬೂಗೇ 1746ರ ತನ್ನ ಗ್ರಂಥದಲ್ಲಿ ವಿವರಿಸಿದನು. ಈ ವಿವರಣೆಯಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು, ಅಗಲದ ಮಹಿಮೆ. ಉದ್ದವೂ ಹೊರೆಯೂ ಒಂದೇ ಆಗಿದ್ದರೆ, ನೆಟ್ಟಗೆ ನಿಲ್ಲಿಸುವ ಈ ಗುಣವು ಅಗಲದ ಘನದಂತೆ ಏರುತ್ತದೆ. ಅಗಲವು 28 ಅಂಗುಲದಿಂದ 34 ಅಂಗುಲಕ್ಕೆ, ಅಂದರೆ ಐದರಲ್ಲೊಂದು ಪಾಲಿನಷ್ಟು ಹೆಚ್ಚಿದರೆ ಈ ಗುಣ ಹೆಚ್ಚುಕಡಮೆ 1.8 ಪಟ್ಟಾಗುತ್ತದೆ! ಎರಡು, ಆಸನದ ಎತ್ತರ. ಕುಳಿತವರನ್ನು 15 ಸೆಂಟಿಮೀಟರ್ ಮೇಲೆತ್ತಿದರೆ ನಮ್ಮ ಲೆಕ್ಕದ ದೋಣಿಯ ಒಟ್ಟು ಗುರುತ್ವಕೇಂದ್ರ ಸುಮಾರು 9 ಸೆಂಟಿಮೀಟರ್ ಮೇಲೇರುತ್ತದೆ.

ಇಲ್ಲಿಯೇ ಧರ್ಮಸಂಕಟ ಬಂದುದು. ಮಂಡಿಗೆ ಎತ್ತರದ ಆಸನ ಬೇಕು. ತಗ್ಗಿನಲ್ಲಿ ಕುಳಿತರೆ ಮಾಸ್ತರರು ಏಳಲಾರರು. ದೋಣಿಗೆ ತಗ್ಗಿನ ಆಸನವೇ ಬೇಕು. ಅಗಲವನ್ನು ಹೆಚ್ಚಿಸಿ ಎತ್ತರದ ದೋಷವನ್ನು ತೀರಿಸಿಕೊಳ್ಳಬಹುದು. ಆದರೆ ಅಗಲವಾದಷ್ಟೂ ದೋಣಿ ಭಾರವಾಗುತ್ತದೆ, ನಿಧಾನವಾಗುತ್ತದೆ, ಹುಟ್ಟು ಹಾಕುವ ತೋಳು ಬೇಗ ದಣಿಯುತ್ತದೆ. ಕಡೆಗೆ 34 ಅಂಗುಲ ಅಗಲದ, ಎತ್ತರ ತಗ್ಗು ಎರಡು ನೆಲೆಗಳಲ್ಲಿ ಕೂರಿಸಬಲ್ಲ ಕುರ್ಚಿಯುಳ್ಳ ದೋಣಿಯೊಂದು ಸಿಕ್ಕಿತು. ಅದರ ತಳದ ನಡುಭಾಗ ಚಪ್ಪಟೆ, ಎರಡು ಅಂಚುಗಳಲ್ಲಿ ಉಬ್ಬು. ಚಪ್ಪಟೆ ತಳವು ಕುಳಿತ ಕೂಡಲೇ ಭದ್ರವೆನಿಸುತ್ತದೆ. ನಮ್ಮವರೇ ಆದ ಹರಿಗೋಲಿನವರಿಗೆ ಇದು ತಿಳಿದ ವಿಷಯ. ಆದರೆ ಬಹಳ ವಾಲಿದ ಮೇಲೂ ಹಿಡಿದು ನಿಲ್ಲಿಸುವುದು ಅಂಚಿನ ಉಬ್ಬು. ಅಂಗಡಿಯ ನೆಲದ ಮೇಲೆ ಕುಳಿತು ನೋಡಿದರೆ ಇವೆರಡರಲ್ಲಿ ಯಾವುದೂ ಗೊತ್ತಾಗುವುದಿಲ್ಲ. ನೀರಿಗಿಳಿಸಿ ನೋಡಲು ಬಿಡದ ಅಂಗಡಿಯಲ್ಲಿ ದೋಣಿ ಕೊಳ್ಳಬಾರದು.

ಈ ಲೆಕ್ಕಗಳನ್ನೆಲ್ಲ ನಾವು ಅಮ್ಮನ ಮುಂದೆ ಉತ್ಸಾಹದಿಂದ ವಿವರಿಸಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅದೆಲ್ಲ ಇರಲಿ ಮಕ್ಕಳೇ, ಇದು ಮಗುಚುತ್ತದೋ ಇಲ್ಲವೋ?”

ಮಗುಚುವುದಿಲ್ಲ ಎಂದು ಹೇಳುವುದು ಸುಲಭವಾಗಿತ್ತು. ಆದರೆ ಅಧ್ಯಾಪಕರಾದ ನಾವು ಕೇರಳದ ಎರಡು ದುರಂತಗಳನ್ನು ಮರೆಯುವಂತಿಲ್ಲ. 2007ರ ಫೆಬ್ರವರಿಯಲ್ಲಿ ಎರ್ನಾಕುಳಂ ಜಿಲ್ಲೆಯ ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ ಮಕ್ಕಳೂ ಅಧ್ಯಾಪಕರೂ ಸೇರಿ 18 ಮಂದಿ ತೀರಿಕೊಂಡರು. 2009ರ ಸೆಪ್ಟೆಂಬರಿನಲ್ಲಿ ತೇಕ್ಕಡಿಯ ಜಲಾಶಯದಲ್ಲಿ ಪ್ರಯಾಣಿಕರು ಒಂದೇ ಮಗ್ಗುಲಿಗೆ ನೆರೆದಾಗ ದೋಣಿ ಮಗುಚಿ 45 ಮಂದಿ ಇಲ್ಲವಾದರು. ಇವರೆಲ್ಲರೂ ದೋಣಿ ಭದ್ರವೆಂದೇ ನಂಬಿ ಹತ್ತಿದವರು. ನಾವು ಉತ್ತರಕ್ಕಾಗಿ ತಡವರಿಸುತ್ತಿರುವಾಗ ಮಾಸ್ತರರೇ ಹೇಳಿದರು: “ಮಗುಚುತ್ತದೆ. ಮಗುಚದ ದೋಣಿ ಇಲ್ಲ. ಮಗುಚಿದ ಮೇಲೆ ನಾನು ಏಳುತ್ತೇನೋ ಇಲ್ಲವೋ, ಅದನ್ನು ಕೇಳು.”

ಅಮ್ಮ ಸುಮ್ಮನಿದ್ದರು. ಆಮೇಲೆ, “ಹಾಗಾದರೆ ನನ್ನ ಕಣ್ಣೆದುರಿಗೇ ಮಗುಚಿ ತೋರಿಸಿ” ಎಂದರು.

ಒಂದು ಭಾನುವಾರ ಬೆಳಿಗ್ಗೆ, ನೀರು ಏರುವ ಹೊತ್ತಿಗೆ, ಅಂಗಡಿಯಾತನ ಒಪ್ಪಿಗೆ ಪಡೆದು ದೋಣಿಯನ್ನು ಮರಳಿನ ಬದಿಯಲ್ಲಿ ಇಳಿಸಿದೆವು. ಅಮ್ಮ ದಡದ ತೆಂಗಿನ ಬುಡದಲ್ಲಿ ಕುಳಿತರು. ಮಾಸ್ತರರು ಜೀವರಕ್ಷಕ ಕವಚದ ಪಟ್ಟಿಗಳನ್ನು ಬಿಗಿದುಕೊಂಡು, ಎದೆಯುದ್ದದ ನೀರಿನಲ್ಲಿ ಬೇಕೆಂದೇ ವಾಲಿ ಮಗುಚಿದರು. ನಾವಿಬ್ಬರು ಪಕ್ಕದಲ್ಲೇ ನಿಂತಿದ್ದೆವು. ಕವಚವು ಅವರನ್ನು ಎತ್ತಿಹಿಡಿಯಿತು. ಆದರೆ ಪಕ್ಕದಿಂದ ಹಾರಿ ದೋಣಿಯ ಮೇಲೇರುವುದು ಅವರಿಂದ ಆಗಲಿಲ್ಲ. ಎರಡು ಸಲ ಯತ್ನಿಸಿದರು, ಎರಡು ಸಲವೂ ತೋಳು ಸೋತಿತು. ಮೂರನೆಯ ಸಲ ದೋಣಿಯನ್ನು ಹಿಡಿದುಕೊಂಡು ಸೊಂಟದುದ್ದದ ನೀರಿಗೆ ನಡೆದುಬಂದು, ಕಾಲೂರಿ ನಿಂತು, ಕುರ್ಚಿಯ ಮೇಲೆ ಮೆಲ್ಲನೆ ಕುಳಿತರು. ಅಮ್ಮ ಎದ್ದು ನಿಂತಿದ್ದವರು ಮತ್ತೆ ಕುಳಿತರು.

ಆ ದಿನ ನಮಗೆ ತಿಳಿದುದು ಇಷ್ಟು: ಮಾಸ್ತರರ ಭದ್ರತೆ ಇದ್ದುದು ದೋಣಿಯ ಅಗಲದಲ್ಲಿ ಅರ್ಧ, ಅವರ ಕಾಲಡಿಯ ಮರಳಿನಲ್ಲಿ ಅರ್ಧ. ಬಳಿಕ ನಾವು ಎದುರು ಬದಿಗೆ ಹೋಗಿ ಬಿದಿರಿನ ಗಳವೊಂದನ್ನು ನೀರಿಗೆ ಊರಿದೆವು. ನೀರು ಮೊಣಕಾಲುದ್ದ, ಗಳವು ಕೆಸರಿನೊಳಗೆ ಇನ್ನೂ ಒಂದು ಮೊಳ ಇಳಿಯಿತು. ಅಲ್ಲಿ ಬಿದ್ದವನಿಗೆ ಮುಳುಗುವಷ್ಟು ನೀರಿಲ್ಲ, ನಿಲ್ಲುವಷ್ಟು ನೆಲವೂ ಇಲ್ಲ. ಕಾಲು ಹೂತರೆ ಶಸ್ತ್ರಚಿಕಿತ್ಸೆಯಾದ ಮಂಡಿ ಅದನ್ನು ಕಿತ್ತುಕೊಳ್ಳಲಾರದು. ಆಳವಿಲ್ಲದ ನೀರೆಂದರೆ ಅಪಾಯವಿಲ್ಲದ ನೀರೆಂದು ನಾವೆಲ್ಲ ಎಣಿಸುತ್ತೇವೆ. ನೀರಿನ ಆಳವನ್ನು ಅಳೆದವನು ತಳದ ಗಟ್ಟಿಯನ್ನೂ ಅಳೆಯಬೇಕು.

ದೋಣಿಯನ್ನು ಕೊಂಡೆವು, ಹಣವನ್ನು ನಾಲ್ವರೂ ಹಂಚಿಕೊಂಡೆವು. ಅದರೊಂದಿಗೆ ಕೆಲವು ಕಟ್ಟಳೆಗಳೂ ಆದುವು. ಮಾಸ್ತರರು ಮರಳಿನ ಬದಿಯಲ್ಲಿ ಮಾತ್ರ ಗಾಳ ಹಾಕತಕ್ಕದ್ದು. ಕವಚವು ಮೈಮೇಲಿರಬೇಕು, ಕುರ್ಚಿಯ ಹಿಂದೆ ಅಲ್ಲ. ಕುತ್ತಿಗೆಯಲ್ಲೊಂದು ಸೀಟಿ. ಒಂದೆಡೆ ನಿಲ್ಲಬೇಕಾದರೆ ಲಂಗರಿನ ಬದಲು ಗಳವನ್ನು ಊರಿ ದೋಣಿಯ ಮೂತಿಗೋ ಹಿಂತುದಿಗೋ ಕಟ್ಟಬೇಕು; ನಡುಮಗ್ಗುಲಿಗೆ ಕಟ್ಟಿದರೆ ಹರಿವು ದೋಣಿಯನ್ನು ಅಡ್ಡಲಾಗಿ ಒತ್ತಿ ಮಗುಚೀತು. ಮಳೆಗಾಲದಲ್ಲಿ ದೋಣಿ ಕೊಟ್ಟಿಗೆಯಲ್ಲೇ. ಕೆಸರಿನ ಬದಿಯ ಕಾಂಡ್ಲಾ ಬುಡಗಳಲ್ಲಿಯೇ ಕರಿಮೀನು ಹೆಚ್ಚೆಂಬುದನ್ನು ಮಾಸ್ತರರು ಬಲ್ಲರು. ಆ ಕಟ್ಟಳೆಯನ್ನು ಒಪ್ಪುವಾಗ ಅವರ ಮುಖ ಸಣ್ಣದಾಯಿತು. ಆದರೂ ಒಪ್ಪಿದರು. ನಮ್ಮಲ್ಲೊಬ್ಬರು ಪ್ರತಿ ಭಾನುವಾರ ಜೊತೆಗಿರುವುದೆಂದು ಆಯಿತು.

ತರಗತಿಯಲ್ಲಿ ಇದನ್ನು ತೋರಿಸಬಯಸುವ ಅಧ್ಯಾಪಕರಿಗೆ ಒಂದು ಸುಲಭೋಪಾಯವಿದೆ. ಬೋಗುಣಿಯ ನೀರಿನಲ್ಲಿ ಅಗಲವಾದ ತಿಂಡಿಯ ಡಬ್ಬಿಯೊಂದನ್ನೂ ಇಕ್ಕಟ್ಟಾದ ಡಬ್ಬಿಯೊಂದನ್ನೂ ತೇಲಿಬಿಟ್ಟು, ಎರಡರಲ್ಲೂ ಒಂದೇ ತೂಕದ ಕಲ್ಲನ್ನಿಡಿ. ಬಳಿಕ ಕಲ್ಲಿನ ಕೆಳಗೆ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದಾಗಿ ಇಡುತ್ತ ಹೋಗಿ. ಯಾವುದು ಎಷ್ಟನೆಯ ಪೊಟ್ಟಣಕ್ಕೆ ಮಗುಚುವುದೆಂದು ಮಕ್ಕಳು ಮೊದಲೇ ಊಹಿಸಿ ಬರೆದಿಡಲಿ. ನಮ್ಮ ನಾಲ್ಕನೆಯ ತರಗತಿಯವರು ಅಂದಿನ ಗಣಿತದ ಪಾಠವನ್ನು ಬಿಟ್ಟೇಳಲು ಒಪ್ಪಲಿಲ್ಲ.

ಕಟ್ಟಳೆಗಳ ಪಟ್ಟಿಗೆ ಅಮ್ಮ ತಮ್ಮದೊಂದನ್ನು ಕೊನೆಗೆ ಸೇರಿಸಿದರು: ಇಳಿತ ಶುರುವಾಗುವ ಮೊದಲು ಮನೆಯಲ್ಲಿರಬೇಕು. ಇಳಿತದ ಹರಿವು ದೋಣಿಯನ್ನು ಅಳಿವೆಯ ಕಡೆಗೆ ಎಳೆಯುತ್ತದೆಂಬುದು ನಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರಲಿಲ್ಲ. ಆದರೆ ಅದನ್ನು ಗಡಿಯಾರಕ್ಕೆ ಕಟ್ಟಿದವರು ಅವರು. ಈಗ ಅವರ ಅಡುಗೆಮನೆಯ ಗೋಡೆಯ ಪಂಚಾಂಗದಲ್ಲಿ ಪ್ರತಿ ಭಾನುವಾರದ ಚೌಕದೊಳಗೆ ಪೆನ್ಸಿಲಿನಿಂದ ಬರೆದ ಒಂದು ಗಂಟೆಯ ಗುರುತಿದೆ. ಅದು ಏರಿಳಿತದ ವೇಳೆ, ಬರೆದವರು ಅಮ್ಮ.