ಹಂದಿ, ಬಿಲ್ಲು ಮತ್ತು ಒಂದು ಲೆಕ್ಕ

ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ನಾಯಿಗಾಗಿ ನೆಟ್ಟ ವೀರಗಲ್ಲು ಇತ್ತು. ಕ್ರಿ.ಶ. 949–50ರದ್ದು. ಗಂಗರ ಬೂತುಗನ ಕಡೆಯ ಮಣಲೇರ ಎಂಬಾತ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ. ದೊರೆ ಮೆಚ್ಚಿ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಸತ್ತವು. ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಅಂತಲೂ ಅದರಲ್ಲಿ ಬರೆಸಿದ್ದಾರೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಆ ಕಡೆ ಹೋದರೆ ನೋಡಿ ಬನ್ನಿ.

ಕಲ್ಲು ಊರು ಬಿಟ್ಟಿತು, ಹಂದಿ ಬಿಡಲಿಲ್ಲ. ನಮ್ಮ ಕಬ್ಬಿನ ಗದ್ದೆಗೆ ಈ ಸಲ ಮೂರು ರಾತ್ರಿ ನುಗ್ಗಿದವು. ತಿಂದದ್ದಕ್ಕಿಂತ ಮುರಿದು ತುಳಿದದ್ದೇ ಹೆಚ್ಚು. ಇದನ್ನು ನೋಡಿ ಚಿಕ್ಕಪ್ಪನ ಮಗನಿಗೆ ರೇಗಿಹೋಯಿತು. ಮೊಬೈಲಿನಲ್ಲಿ ಅಮೆರಿಕದವರ ಬೇಟೆ ವಿಡಿಯೋ ತೋರಿಸಿ, "ಅಕ್ಕ, ಉರುಳು, ಸಿಡಿಮದ್ದು ಏನೂ ಬ್ಯಾಡ. ಇಂಥ ಬಿಲ್ಲು ತರುಸ್ತೀನಿ. ಒಂದೇ ಏಟು ಕಣಕ್ಕ, ನರಳದಂಗೆ ಮಲಗ್ಬುಡ್ತದೆ" ಅಂದ.

ನರಳದಂಗೆ ಅಂದದ್ದು ನನಗೆ ಹಿಡಿಸಿತು. ಉರುಳಿಗೆ ಸಿಕ್ಕಿದ್ದು ಇಡೀ ರಾತ್ರಿ ಒದ್ದಾಡುತ್ತದೆ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬಿದ್ದು ಸಾಯುವುದೂ ಹೊಸತಲ್ಲ. ಸರಿ, ಅವನ ಬಾಣದ ಲೆಕ್ಕವನ್ನೇ ಮಾಡೋಣ ಅಂತ ಕೂತೆವು.

ಹೈಸ್ಕೂಲಿನ ಸೂತ್ರವೇ: ತೂಕದ ಅರ್ಧವನ್ನು ವೇಗದಿಂದ ಎರಡು ಸಲ ಗುಣಿಸಬೇಕು. ಒಳ್ಳೆಯ ಕಾಂಪೌಂಡ್ ಬಿಲ್ಲಿನ 25 ಗ್ರಾಂ ಬಾಣ ಸೆಕೆಂಡಿಗೆ 75 ಮೀಟರ್ ಹೋದರೆ ಶಕ್ತಿ ಸುಮಾರು 70 ಜೌಲ್. ಏಳು ಕೆಜಿ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು, ಅಷ್ಟೇ. ಬೇಟೆ ರೈಫಲ್ಲಿನ ಗುಂಡಿನಲ್ಲಿ ಎರಡು ಮೂರು ಸಾವಿರ ಜೌಲ್ ಇರುತ್ತದೆ. ವೇಗ 60 ಮೀಟರಿಗೆ ಇಳಿದರೆ ಬಾಣದ ಶಕ್ತಿ 45 ಜೌಲ್. ವೇಗ ಐದರಲ್ಲೊಂದು ಪಾಲು ಕಮ್ಮಿಯಾದರೆ ಶಕ್ತಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಗುತ್ತದೆ. ಅಮೆರಿಕದ ಬೇಟೆಗಾರರು ಜಿಂಕೆಗೆ ಸುಮಾರು 34ರಿಂದ 56 ಜೌಲ್, ಕಾಡುಹಂದಿಗೆ 57ರಿಂದ 88 ಜೌಲ್ ಬೇಕು ಎನ್ನುವ ಪಟ್ಟಿ ಇಟ್ಟುಕೊಂಡಿದ್ದಾರೆ.

"70 ಐತಲ್ಲಕ್ಕ, ಸಾಕಲ್ವಾ?" ಅಂದ.

ಕಾಗದದ ಮೇಲೆ ಸಾಕು. ಆದರೆ ಗುಂಡು ಹೊಡೆದಂತೆ ಬಾಣ ಹೊಡೆಯುವುದಿಲ್ಲ. ಅದು ಕುಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಅಲಗು ಹರಿತವಿರಬೇಕು, ಎರಡೂ ಶ್ವಾಸಕೋಶ ದಾಟಬೇಕು. ಗಂಡು ಹಂದಿಯ ಭುಜದ ಮೇಲೆ ಗುರಾಣಿಯಂಥ ದಪ್ಪ ಚರ್ಮ ಇರುತ್ತದೆ. ಅಲ್ಲಿ ಬಡಿದರೆ, ಇಲ್ಲವೇ ಹೊಟ್ಟೆಗೆ ತಾಗಿದರೆ, ಗಾಯಗೊಂಡು ಕಬ್ಬಿನೊಳಗೆ ನುಗ್ಗುತ್ತದೆ. ಬೆಳಿಗ್ಗೆ ಆ ಕಬ್ಬಿನೊಳಗೆ ಸೋಗೆ ಬಿಡಿಸಲು ಹೋಗುವವರು ನಮ್ಮ ಅವ್ವ, ಅತ್ತೆಯರು.

ಆಳೆತ್ತರದ ಕಬ್ಬಿನಲ್ಲಿ ಮೂವತ್ತು ಮೀಟರ್ ದೂರಕ್ಕೆ ಬಾಣಕ್ಕೆ ದಾರಿ ಎಲ್ಲಿದೆ? ಒಂದು ಜಲ್ಲೆ ಸವರಿದರೂ ದಿಕ್ಕು ತಪ್ಪುತ್ತದೆ. ಅಷ್ಟು ದೂರ ಹೋಗಲು 0.4 ಸೆಕೆಂಡ್ ಬೇಕು, ಅಷ್ಟರಲ್ಲಿ ಹಂದಿ ಒಂದು ಹೆಜ್ಜೆ ಇಟ್ಟಿರುತ್ತದೆ. ವಿಡಿಯೋದವರು ಬಯಲಲ್ಲಿ, ಹಗಲು, ಇಪ್ಪತ್ತು ಮೀಟರಿನಲ್ಲಿ ನಿಂತ ಪ್ರಾಣಿಗೆ ಗುರಿ ಇಡುತ್ತಾರೆ. ತಪ್ಪಿದ್ದನ್ನು ಅವರೇನು ತೋರಿಸುತ್ತಾರೆಯೇ?

ಇನ್ನು ಕಾನೂನು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದು. ಬಿಲ್ಲಾಗಲಿ, ಉರುಳಾಗಲಿ, ಅನುಮತಿಯಿಲ್ಲದೆ ಕಾಡುಹಂದಿ ಕೊಂದರೆ ಅಪರಾಧವೇ. ನಿಂತ ಬೆಳೆಗೆ ಅಪಾಯವಾದಾಗ ಅನುಮತಿ ಕೊಡುವ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರಿಗೆ, ಅಥವಾ ಅವರು ನೇಮಿಸಿದ ಅಧಿಕಾರಿಗೆ ಇದೆ, ಅದೂ ಲಿಖಿತವಾಗಿ. ಅದು ಹೆಚ್ಚಿನ ರೈತರಿಗೆ ಎಟುಕುವುದಿಲ್ಲ ಎಂಬುದು ನನ್ನ ಸಿಟ್ಟು. ಹಂದಿಯನ್ನು ಉಳಿಸುವ ಖರ್ಚನ್ನೆಲ್ಲ ಗದ್ದೆಯವರೇ ಹೊರಬೇಕು ಅನ್ನುವುದು ಯಾವ ನ್ಯಾಯ?

ಕೊನೆಗೆ ಅವನು ಬಿಲ್ಲು ತರಿಸಲಿಲ್ಲ. ನನ್ನ ಲೆಕ್ಕಕ್ಕೆ ಹೆದರಿ ಅಲ್ಲ, ಬೆಲೆ ನೋಡಿ. ಮುರಿದ ಕಬ್ಬಿನ ಫೋಟೋ, ಪಹಣಿ, ಪಾಸ್‌ಬುಕ್ ಇಟ್ಟು ಬೆಳೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿದ್ದೇವೆ. ನಿಮ್ಮದೂ ಹಾಳಾಗಿದ್ದರೆ ತುಳಿದ ಗದ್ದೆಯನ್ನು ಸರಿಮಾಡುವ ಮುಂಚೆಯೇ ಫೋಟೋ ತೆಗೆದುಕೊಳ್ಳಿ, ಹೆಜ್ಜೆ ಗುರುತು ಕಾಣುವ ಹಾಗೆ. ಅಪ್ಪ ಮತ್ತು ಅವನು ಈಗ ಸರದಿಯ ಮೇಲೆ ಟಾರ್ಚು, ತಗಡಿನ ಡಬ್ಬ ಹಿಡಿದು ಕಾವಲು ಹೋಗುತ್ತಿದ್ದಾರೆ.